ಕೆಂಪಾಗದ ಬೆಳಕು

ಪುಟ್ಟಮಾದಮ್ಮನ ಸೊಂಟದ ಗೊಂಚಲಿನಲ್ಲಿ ಹದಿಮೂರು ಬೀಗದ ಕೈಗಳಿದ್ದವು. ಹನ್ನೆರಡು ಶಾಲೆಯವು, ಒಂದು ಅವಳ ಮನೆಯದು. ಶಾಲೆಯ ಹನ್ನೆರಡೂ ದಿನಾ ಬಳಸಿ ಬಳಸಿ ಹೊಳೆಯುತ್ತಿದ್ದವು. ಮನೆಯದು ತುಕ್ಕು ಹಿಡಿದಿತ್ತು. ಮನೆಗೆ ಬೀಗ ಹಾಕಿಕೊಂಡು ಹೋಗುವಂಥ ಪ್ರಯಾಣ ಅವಳಿಗೆ ಒದಗಿದ್ದೇ ಕಡಿಮೆ. ಮಗಳು ಪುಷ್ಪಳನ್ನು ಯಳಂದೂರಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು. ಆ ಮನೆಯಲ್ಲಿ ಅವಳು ಒಂದು ರಾತ್ರಿಯೂ ತಂಗಿರಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಹೋಗುವುದು, ಕಡೆಯ ಬಸ್ಸಿಗೆ ಬರುವುದು. ಸೋಮವಾರ ಒಂಬತ್ತೂವರೆಗೆ ಬೆಲ್ಲು ಹೊಡೆಯಬೇಕು.

ಲೊಕ್ಕನಹಳ್ಳಿ ದಾಟಿ ಕಾಡಿನ ಕಡೆಗೆ ನಾಲ್ಕು ಕಿಲೋಮೀಟರ್ ಹೋದರೆ ಕಾರೆದೊಡ್ಡಿ. ಅಲ್ಲಿಯ ಹೈಸ್ಕೂಲಿನಲ್ಲಿ ಮೊದಲು ಅವಳ ಗಂಡ ಮಹದೇವು ಜವಾನನಾಗಿದ್ದ. ೧೯೮೯ರಲ್ಲಿ ಅವನು ಕಾಮಾಲೆಯಾಗಿ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಕೆಲಸ ಅವಳಿಗೆ ಬಂತು. ಅವಳು ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಗಡಿಯಾರ ನೋಡಲು, ಹೆಸರು ಬರೆಯಲು, ಅಂಕಿ ಬರೆಯಲು ಅಷ್ಟು ಸಾಕಾಗಿತ್ತು. ಹದಿಮೂರು ವರ್ಷದಲ್ಲಿ ಒಂದೇ ಒಂದು ದಿನವೂ ಬೆಲ್ಲು ತಡವಾಗಿರಲಿಲ್ಲ.

ಮನೆಯಲ್ಲಿ ಅವಳೊಂದಿಗೆ ಇದ್ದವನು ಮೈದುನ ಮಾದಣ್ಣ. ಮದುವೆಯಾಗಲಿಲ್ಲ. ಅಣ್ಣನ ಪಾಲು, ತನ್ನ ಪಾಲು ಎನ್ನದೆ ಎರಡು ಎಕರೆಯನ್ನೂ ಅವನೇ ಉತ್ತು ಬಿತ್ತಿ ನೋಡಿಕೊಳ್ಳುತ್ತಿದ್ದ. ಆ ಹೊಲದ ಆಚೆಗೆ ಆನೆ ದಾಟದಿರಲೆಂದು ತೋಡಿದ ಕಂದಕ, ಅದರಾಚೆ ಕಾಡು. ಕಂದಕದ ಒಂದು ಕಡೆ ಮಣ್ಣು ಕುಸಿದು ಆನೆಗೂ ಹಂದಿಗೂ ದಾರಿಯಾಗಿತ್ತು. ಜೋಳ ತೆನೆಕಟ್ಟಿದಾಗಿನಿಂದ ರಾಗಿ ಕಣಕ್ಕೆ ಬರುವವರೆಗೆ ಮಾದಣ್ಣ ಹೊತ್ತು ಮುಳುಗುತ್ತಲೇ ಹೊಲ ಕಾಯಲು ಅಟ್ಟಣೆ ಹತ್ತುತ್ತಿದ್ದ. ಅವನ ಕೈಯಲ್ಲಿ ಮೂರು ಸೆಲ್ಲಿನ ಉದ್ದನೆಯ ಟಾರ್ಚು. ಊರಿನವರ ಬಾಯಲ್ಲಿ ಅದು ಬ್ಯಾಟ್ರಿ.

ಆ ಬ್ಯಾಟ್ರಿಗೆ ಸೆಲ್ಲು ಬರುತ್ತಿದ್ದದ್ದು ಶಾಲೆಯಿಂದ. ಶಾಲೆಯಲ್ಲಿ ಆಕಾಶವಾಣಿಯ ಪಾಠ ಕೇಳಿಸಲು ನಾಲ್ಕು ದಪ್ಪ ಸೆಲ್ಲಿನ ರೇಡಿಯೊ ಇತ್ತು. ಹಗಲು ಕರೆಂಟನ್ನು ನಂಬುವಂತಿರಲಿಲ್ಲ. ಹಿಂದೊಮ್ಮೆ ಇನ್‌ಸ್ಪೆಕ್ಟರು ಕೂತಿದ್ದಾಗಲೇ ರೇಡಿಯೊ ಗೊರಗೊರ ಎಂದು ನಿಂತುಹೋಗಿ, ಅಂದಿನಿಂದ ಹೆಡ್‌ಮಾಸ್ಟರು ಒಂದು ನಿಯಮ ಮಾಡಿದ್ದರು: ಎರಡು ಶನಿವಾರಕ್ಕೊಮ್ಮೆ, ಮುಗಿದಿರಲಿ ಮುಗಿಯದಿರಲಿ, ನಾಲ್ಕೂ ಸೆಲ್ಲು ಬದಲಾಯಿಸಬೇಕು. ತೆಗೆದದ್ದನ್ನು ಹಿತ್ತಲ ಗುಂಡಿಗೆ ಎಸೆಯುವ ಕೆಲಸ ಪುಟ್ಟಮಾದಮ್ಮನದು. ಅರ್ಧ ಜೀವ ಇರುವ ಸೆಲ್ಲನ್ನು ಯಾರಾದರೂ ಎಸೆಯುತ್ತಾರೆಯೇ? ಅವು ಅವಳ ಸೆರಗಿನ ಗಂಟಿನಲ್ಲಿ ಮನೆಗೆ ಬರುತ್ತಿದ್ದವು. ಮೂರು ಮಾದಣ್ಣನ ಬ್ಯಾಟ್ರಿಗೆ, ನಾಲ್ಕನೆಯದು ಡಬ್ಬಿಗೆ. ಪೂರ್ತಿ ಸತ್ತ ಮೇಲಷ್ಟೇ ಗುಂಡಿಗೆ. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಿರಲಿಲ್ಲ. ಹೇಳದೆ ಇರುವುದೇ ಅದಕ್ಕೆ ಕೊಟ್ಟ ಅನುಮತಿ ಎಂದು ಅವಳು ತಿಳಿದಿದ್ದಳು.

ಅಟ್ಟಣೆ ಕಾಯುವವರಿಗೆ ಸೆಲ್ಲಿನ ಆಯಸ್ಸು ಬೆಳಕಿನ ಬಣ್ಣದಲ್ಲೇ ತಿಳಿಯುತ್ತಿತ್ತು. ಬೆಳ್ಳಗಿದ್ದರೆ ಹೊಸದು. ಹಳದಿಗೆ ತಿರುಗಿದರೆ ಇನ್ನು ನಾಲ್ಕೈದು ರಾತ್ರಿ. ಕೆಂಪಗಾದರೆ ಅಟ್ಟಣೆಯಿಂದ ಇಳಿಯಬಾರದು, ತಮಟೆ ಬಡಿದು ಕೂಗಿಯೇ ಓಡಿಸಬೇಕು. ಈ ಲೆಕ್ಕವನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ. ಎಲ್ಲರ ಕಣ್ಣಲ್ಲೇ ಇತ್ತು.

೨೦೦೨ರ ಜುಲೈಯಲ್ಲಿ ಒಂಬತ್ತನೇ ಕ್ಲಾಸಿನ ದೀಪ ಎಂಬ ಹುಡುಗಿ ಆ ಗುಂಡಿಗೆ ಇಳಿದಳು. ವಿಜ್ಞಾನದ ಮೇಷ್ಟ್ರು ಶಂಕರ್ ಕೊಟ್ಟ ಪ್ರಾಜೆಕ್ಟಿಗಾಗಿ. ಅವಳೂ ನಟರಾಜು ಎಂಬ ಹುಡುಗನೂ ಕೋಲಿನಲ್ಲಿ ಕೆದಕಿ ನೂರಾ ಎಂಬತ್ತಾರು ಸೆಲ್ಲು ತೆಗೆದರು. ಅರ್ಧಕ್ಕರ್ಧ ಒಡೆದು ಕಪ್ಪು ಹಿಟ್ಟು ಸುರಿಯುತ್ತಿತ್ತು. ಗುಂಡಿಯಿಂದ ಬೋರ್‌ವೆಲ್ಲಿಗೆ ಇಪ್ಪತ್ತೊಂದು ಹೆಜ್ಜೆ ಎಂದು ದೀಪ ಅಳೆದು ಬರೆದಳು. ಕೊಳ್ಳೇಗಾಲದ ವಿಜ್ಞಾನ ಮೇಳದಲ್ಲಿ ಆ ಪ್ರಾಜೆಕ್ಟಿಗೆ ಬಹುಮಾನ ಬಂತು: ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಎಂಟು ದಪ್ಪ ಸೆಲ್ಲು, ಒಂದು ಚಾರ್ಜರು.

“ಇನ್ಮೇಲೆ ನಮ್ ಇಸ್ಕೂಲಿಂದ ಒಂದ್ ಸೆಲ್ಲೂ ಗುಂಡಿಗ್ ಬೀಳಲ್ಲ ಸಾ,” ಎಂದು ದೀಪ ಎಲ್ಲರೆದುರು ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ನಿಂತಿದ್ದ ಪುಟ್ಟಮಾದಮ್ಮನೂ ತಟ್ಟಿದಳು. ತಟ್ಟಿದ ಕೈ ಹಾಗೇ ನಿಂತಿತು. ಗುಂಡಿಗೆ ಬೀಳದಿದ್ದರೆ ಮನೆಗೂ ಬರುವುದಿಲ್ಲ.

ಎಂಟನ್ನೂ ಎರಡು ಜೊತೆ ಮಾಡಿದರು. ಒಂದರಿಂದ ನಾಲ್ಕು ಒಂದು ಜೊತೆ, ಐದರಿಂದ ಎಂಟು ಇನ್ನೊಂದು. ದೀಪ ಪ್ರತಿ ಸೆಲ್ಲಿನ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ ಬರೆದಳು. ಪ್ರತಿ ಗುರುವಾರ ಸಂಜೆ ರೇಡಿಯೊದ ಜೊತೆ ಚಾರ್ಜಿಗೆ, ಚಾರ್ಜಾದ ಜೊತೆ ರೇಡಿಯೊಗೆ. ತುಂಬಲು ಹದಿನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಕರೆಂಟು ನಿಲ್ಲುವುದು ರಾತ್ರಿ ಮಾತ್ರ. ಬೀಗ ಹಾಕಿದ ಶಾಲೆಯೊಳಗೆ ರಾತ್ರಿಯೆಲ್ಲ ಚಾರ್ಜರು ಬಿಟ್ಟು ಹೋಗಲು ಹೆಡ್‌ಮಾಸ್ಟರು ಒಪ್ಪಲಿಲ್ಲ. ಬೆಂಕಿಯ ಭಯ. ಶಾಲೆಗೆ ಹತ್ತಿರದ ಮನೆ ಯಾರದು?

“ನಿಮ್ಮದೇ ಅಲ್ವಾ ಮಾದಮ್ಮಾರೆ?” ಎಂದರು ಶಂಕರ್.

“ನಮ್ಮನೇಲಿ ಪ್ಲಗ್ಗೇ ಇಲ್ಲ ಸಾ. ಭಾಗ್ಯಜ್ಯೋತಿ. ಒಂದೇ ಬಲ್ಬು.”

“ಬಲ್ಬಿನ ಹೋಲ್ಡರಿಗೇ ಸಿಕ್ಕಿಸೋದು ಬರುತ್ತೆ. ನಿಮ್ಮ ಬಲ್ಬು ನಲವತ್ತು ವ್ಯಾಟು, ಈ ಚಾರ್ಜರು ಆರೇ ಆರು.”

ಆರೇ ವ್ಯಾಟು, ನಿಜ. ಆದರೆ ಅದನ್ನು ಸಿಕ್ಕಿಸಲು ಬಲ್ಬು ಕಳಚಬೇಕು. ಗುರುವಾರ ಸಂಜೆ ಶಂಕರ್ ಸ್ಟೂಲು ಹತ್ತಿ ಕಳಚಿದರು. ಚಾರ್ಜರಿನ ಹೊಟ್ಟೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಹೊತ್ತಿತು. ದೀಪ ಒಂದು ನೋಟ್‌ಬುಕ್ಕನ್ನು ದಾರ ಕಟ್ಟಿ ಮೊಳೆಗೆ ತೂಗುಹಾಕಿ, “ಮಾದಮ್ಮಕ್ಕ, ಹಾಕ್ದಾಗ ಟೈಮು, ತಗ್ದಾಗ ಟೈಮು. ಎರಡೇ ಬರಿ. ಬೆಲ್ ಹೊಡದಂಗೇ,” ಎಂದಳು. ಅವಳ ಮುಖದಲ್ಲಿದ್ದ ನಂಬಿಕೆಯನ್ನು ನೋಡಿ ಪುಟ್ಟಮಾದಮ್ಮ ಸುಮ್ಮನೆ ತಲೆಯಾಡಿಸಿದಳು. ಅವರು ಹೋದ ಮೇಲೆ ಬುಡ್ಡಿ ಹಚ್ಚಿಕೊಂಡು ಮುದ್ದೆ ತೊಳಸಿದಳು.

ಡಬ್ಬಿಯಲ್ಲಿದ್ದ ಹಳೆಯ ಸೆಲ್ಲುಗಳು ಸೆಪ್ಟೆಂಬರಿನವರೆಗೆ ಬಂದವು. ಕಡೆಯ ಮೂರನ್ನು ಮಾದಣ್ಣ ಒಲೆಯ ಪಕ್ಕ ಬೆಚ್ಚಗಿಟ್ಟು ಇನ್ನೂ ಎರಡು ರಾತ್ರಿ ಹಿಂಡಿಕೊಂಡ. ಆಮೇಲೆ ಕೇಳಿದ.

“ಏನತ್ಗೆ, ಸೆಲ್ಲೇ ತರ್ನಿಲ್ಲ?”

“ಐಕ್ಳು ಹೊಸಾದು ತಂದವ್ರ ಕನಪ್ಪ. ಅವು ಸಾಯದೇ ಇಲ್ವಂತೆ.”

“ಇಸ್ಕೂಲ್ ಸೆಲ್ಲು ಸಾಯ್ದಿದ್ರ ನಾನ್ ಸಾಯ್ತೀನಿ ಅಷ್ಟೇಯ.” ನಗುತ್ತಲೇ ಹೇಳಿದ. “ದೊಡ್ಡಮಾದಪ್ಪಣ್ಣನ ಅಟ್ಟಣ ತಕ ಬಂದಿತ್ತು ನೆನ್ನ. ಒಂಟಿ ಆನ. ಕತ್ತಲಲ್ಲಿ ಅದರ ಕಿವಿ ಬಡಿಯೋ ಸದ್ದೇ ಕೇಳದು, ಆನ ಕಾಣಲ್ಲ.”

ಅವನು ಊಟಕ್ಕೆ ಕೂತಿದ್ದ. ತಲೆಯ ಮೇಲೆ ಹೋಲ್ಡರಿನಿಂದ ಚಾರ್ಜರು ನೇತಾಡುತ್ತಿತ್ತು. ಮರುದಿನ ಬೆಳಿಗ್ಗೆ ಅದರಿಂದ ತೆಗೆದ ನಾಲ್ಕು ಸೆಲ್ಲು ಮುಂದಿನ ಗುರುವಾರದವರೆಗೆ ಡಬ್ಬಿಯಲ್ಲಿ ಸುಮ್ಮನೆ ಕೂರುತ್ತವೆ. ಆರು ದಿನ. ಪುಟ್ಟಮಾದಮ್ಮ ಬೆರಳು ಮಡಿಸಿ ಎಣಿಸಿದಳು. ಶುಕ್ರವಾರದಿಂದ ಸೋಮವಾರದವರೆಗೆ ಮೂರನ್ನು ಕೊಟ್ಟು, ಮಂಗಳವಾರ ಸಂಜೆ ಇನ್ನೊಂದು ಸಲ ಚಾರ್ಜಿಗೆ ಹಾಕಿದರೆ ಗುರುವಾರಕ್ಕೆ ತುಂಬಿರುತ್ತವೆ. ಯಾರಿಗೂ ನಷ್ಟವಿಲ್ಲ. ಮನೆ ವಾರಕ್ಕೆ ಎರಡು ರಾತ್ರಿ ಕತ್ತಲು, ಅಷ್ಟೇ. ಆದರೆ ಮಂಗಳವಾರದ ಟೈಮನ್ನು ನೋಟ್‌ಬುಕ್ಕಿನಲ್ಲಿ ಬರೆಯುವಂತಿಲ್ಲ. ಹಳೆಯ ಸೆಲ್ಲು ತರುವಾಗ ಯಾರೂ ಕೇಳಿರಲಿಲ್ಲ, ಅವಳೂ ಮುಚ್ಚಿಟ್ಟಿರಲಿಲ್ಲ. ಈಗ ಮೊಳೆಗೆ ತೂಗುತ್ತಿದ್ದ ಆ ಪುಸ್ತಕ ದಿನಾ ಅವಳನ್ನು ನೋಡುತ್ತಿತ್ತು.

ಮಾದಣ್ಣನಿಗೆ ಹೊಸ ಸೆಲ್ಲು ಹಿಡಿಸಿತು. “ಸೋಮಾರ ಬಂದ್ರೂ ಬೆಳ್ಳಗೇ ಅದ ಕನತ್ಗೆ. ಒಂಚೂರೂ ಅಳ್ದಿ ಇಲ್ಲ. ಇದ್ ಸೆಲ್ಲಂದ್ರ ಸೆಲ್ಲು!”

ಹೀಗೆ ಏಳು ವಾರ ನಡೆಯಿತು. ಅಷ್ಟರಲ್ಲಿ ಪುಷ್ಪ ಯಳಂದೂರಿನಿಂದ ಹೇಳಿಕಳಿಸಿದಳು: ಮಗುವಿಗೆ ಕೂದಲು ತೆಗೆಸುತ್ತೇವೆ, ಮಂಗಳವಾರ ಬಂದು ಒಂದು ರಾತ್ರಿ ಇದ್ದು ಹೋಗವ್ವ. ಮೊದಲಾದರೆ ಬೆಲ್ಲಿನ ಕಾರಣ ಹೇಳುತ್ತಿದ್ದಳು. ಈಗ ಬೆಲ್ಲಿನ ಹಿಂದೆ ಇನ್ನೊಂದು ಕಾರಣ ಸೇರಿತ್ತು. ಅದನ್ನು ಮಗಳಿಗೂ ಹೇಳುವಂತಿರಲಿಲ್ಲ. “ರಜ ಕೊಡಲ್ಲ ಅಂತ ಹೇಳಪ್ಪ,” ಎಂದು ಬಂದವನನ್ನು ಕಳಿಸಿದಳು.

ನವೆಂಬರಿನ ಮೂರನೆಯ ವಾರ ಟ್ರಾನ್ಸ್‌ಫಾರ್ಮರು ಸುಟ್ಟಿತು. ಮಂಗಳವಾರ ರಾತ್ರಿ ಕರೆಂಟಿಲ್ಲ. ಬುಧವಾರವೂ ಇಲ್ಲ. ಪುಟ್ಟಮಾದಮ್ಮ ಎರಡು ರಾತ್ರಿ ಎದ್ದೆದ್ದು ಸಾಸಿವೆ ಕಾಳಿನಂಥ ಆ ಕೆಂಪು ಚುಕ್ಕಿಯನ್ನು ಹುಡುಕಿದಳು. ಹೊತ್ತಿರಲಿಲ್ಲ. ಗುರುವಾರ ಮಧ್ಯಾಹ್ನ ಕರೆಂಟು ಬಂತು, ಆದರೆ ಸಂಜೆ ನಾಲ್ಕೂವರೆಗೆ ಸೆಲ್ಲು ಕೊಡಬೇಕಿತ್ತು. ಕೊಟ್ಟಳು. ರೇಡಿಯೊದ ಬೀರು ನಟರಾಜುವಿನ ಸುಪರ್ದಿಯಲ್ಲಿತ್ತು. ಅವನು ಹಾಡು ಗುನುಗುತ್ತ ಐದರಿಂದ ಎಂಟರವರೆಗಿನ ಸೆಲ್ಲನ್ನು ರೇಡಿಯೊಗೆ ಹಾಕಿದ. ಇನ್ನೊಂದು ಜೊತೆಯನ್ನು ಅವಳ ಕೈಗಿಟ್ಟ.

ಶುಕ್ರವಾರ ಪಾಠ ಶುರುವಾಗಿ ಆರನೇ ನಿಮಿಷಕ್ಕೆ ರೇಡಿಯೊ ಸತ್ತಿತು.

“ಲೇ ನಟ, ನೆನ್ನೆ ಮ್ಯಾಚಿತ್ತಲ್ವ?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಕ್ಲಾಸು ಗೊಳ್ಳೆಂದಿತು. ಹೆಡ್‌ಮಾಸ್ಟರು ನಗಲಿಲ್ಲ.

“ಅಮ್ಮನಾಣೆ ಕೇಳ್ನಿಲ್ಲ ಸಾ! ಬೀಗ ಹಾಕ್ಬುಟ್ಟು ಸೀದಾ ಮನಗ್ ಹೋದಿ ಸಾ!”

“ಬೀಗದ ಕೈ ಇಲ್ಲಿಡು,” ಎಂದರು ಅವರು. ನಟರಾಜು ಮೇಜಿನ ಮೇಲೆ ಇಟ್ಟ. ಅವನ ಕಿವಿ ಕೆಂಪಾಗಿತ್ತು. ಪುಟ್ಟಮಾದಮ್ಮ ನೀರಿನ ಬಿಂದಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಾತು ಗಂಟಲಿನವರೆಗೆ ಬಂತು. ಅದರ ಜೊತೆಗೇ ಮಾದಣ್ಣನ ಕತ್ತಲ ಹೊಲವೂ ಬಂತು. ಹೇಳಿದರೆ ಈ ಹೊತ್ತಿನಿಂದಲೇ ಬೆಳಕಿಲ್ಲ. ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದಳು.

ಕಡೆಯ ಪೀರಿಯಡ್ಡಿನಲ್ಲಿ ದೀಪ ನಾಲ್ಕು ಸೆಲ್ಲನ್ನೂ ಒಂದೊಂದಾಗಿ ಪುಟ್ಟ ಬಲ್ಬಿಗೆ ಮುಟ್ಟಿಸಿ ನೋಡಿದಳು. ಐದು, ಆರು, ಏಳು ಹೊತ್ತಲಿಲ್ಲ. ಎಂಟು ಝಗ್ಗನೆ ಹೊತ್ತಿತು.

“ಸಾ, ನಟ ರೇಡಿಯೊ ಕೇಳಿದ್ರ ನಾಲ್ಕೂ ಸಮವಾಗ್ ಖಾಲಿಯಾಗ್ಬೇಕು. ಒಂದರ ಹಿಂದ ಒಂದು ಇರ್ತವಲ್ಲ. ಮೂರೇ ಯಾಕ್ ಖಾಲಿಯಾದೊ?”

ಶಂಕರ್ ಐದನೇ ನಂಬರನ್ನು ತಿರುಗಿಸಿ ನೋಡಿದರು. “ಮೂರು ಸೆಲ್ಲು ಕೆಟ್ಟಿರಬಹುದು. ನಾಳೆ ಇನ್ನೊಂದು ಸಲ ನೋಡೋಣ.”

“ಮೂರೂ ಒಂದೇ ಸಲಕ್ಕಾ ಸಾ?” ಎಂದಳು ದೀಪ. ಅವಳ ಹಣೆಯಲ್ಲಿ ಗಂಟು ಬಿದ್ದಿತ್ತು. ಮೂರು, ಮೂರು ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಜಗಲಿ ಗುಡಿಸುತ್ತಿದ್ದ ಪುಟ್ಟಮಾದಮ್ಮನ ಕೈಯಲ್ಲಿ ಪೊರಕೆ ನಿಂತಿತು. ಈ ಊರಿನಲ್ಲಿ ಮೂರು ಸೆಲ್ಲು ನುಂಗುವ ಸಾಮಾನು ಒಂದೇ. ಈ ಹುಡುಗಿ ಇವತ್ತಲ್ಲದಿದ್ದರೆ ನಾಳೆ ಅದನ್ನು ತಲುಪುತ್ತಾಳೆ.

ಆ ಸಂಜೆ ಮಾದಣ್ಣ ಕೈ ಚಾಚಿದಾಗ ಅವಳು ಡಬ್ಬಿಯ ಮುಚ್ಚಳ ಹಿಡಿದು ತಡೆದಳು. “ಇವತ್ತೊಂದಿನ ತಮಟೇಲೇ ಕಾಯ್ಲಾಗಲ್ವ ಮಾದಣ್ಣ?”

“ಒಂಟಿ ಆನ ಕಂದಕದ ಈಚಗೇ ನಿಂತದ ಕನತ್ಗೆ. ರಾಗಿ ಅಣ್ಣಾಯ್ತಾ ಅದ. ತಮಟ ಬಡಿತಾ ಕೂತ್ಕಂಡ್ರ ಅದು ಕುಣಿತದ ಅಷ್ಟೇಯ.”

ಒಂದು, ಎರಡು, ಮೂರನೇ ನಂಬರು. ಕೊಟ್ಟಳು.

ನಡೆದದ್ದನ್ನು ಅವಳು ಬೆಳಗಿನ ಜಾವ ದೊಡ್ಡಮಾದಪ್ಪನ ಬಾಯಿಂದ ಕೇಳಿದಳು. ಪಕ್ಕದ ಹೊಲದ ಅವನೇ ಮಾದಣ್ಣನನ್ನು ಬೆನ್ನ ಮೇಲೆ ಹೊತ್ತು ತಂದು ಜಗಲಿಯಲ್ಲಿ ಮಲಗಿಸಿದ್ದ. ಆನೆ ರಾಗಿಯ ಅಂಚಿನಲ್ಲೇ ನಿಂತು ಕದಲಲಿಲ್ಲ. ಮಾದಣ್ಣ ಅದರ ಕಣ್ಣಿಗೆ ಬೆಳಕು ಬಿಟ್ಟು, ಆರಿಸದೆ ಹಿಡಿದೇ ಇದ್ದ. ಹಾಗೆ ಹಿಡಿದು ಎರಡು ಗಂಟೆಗೂ ಮೇಲಾಗಿತ್ತು. ಬೆಳಕು ಹಾಲಿನಂತೆ ಬೆಳ್ಳಗಿದ್ದುದರಿಂದ ಇನ್ನೂ ಬೇಕಾದಷ್ಟಿದೆ ಎಂದುಕೊಂಡು ಅಟ್ಟಣೆಯಿಂದ ಇಳಿದು ಮುಂದಕ್ಕೆ ಹೋದ. ನಲವತ್ತು ಮಾರು ಹೋಗಿದ್ದಾಗ ಬೆಳಕು ನಿಂತಿತು. ತಿರುಗಿ ಓಡಿದವನು ದಾರಿ ತಪ್ಪಿ ಕಂದಕಕ್ಕೆ ಬಿದ್ದ. ಆನೆ ಅವನ ಕಡೆ ಬರಲಿಲ್ಲ. ಅದರ ಪಾಡಿಗೆ ಅದು ರಾಗಿ ತಿಂದಿತು.

ಮಾದಣ್ಣನ ಎಡಗಾಲಿನ ಹರಡು ಊದಿ ಬೇರೆ ಕಡೆಗೆ ತಿರುಗಿತ್ತು. ನೋವಿಗಿಂತ ಅವನಿಗೆ ಅರ್ಥವಾಗದೆ ಇದ್ದದ್ದೇ ದೊಡ್ಡದಾಗಿತ್ತು. “ಸಾಯೋಕ್ ಮುಂಚ ಕೆಂಪಾಗ್ಬೇಕಲ್ಲತ್ಗೆ. ಯಾವ್ ಸೆಲ್ಲಾದ್ರೂ ಕೆಂಪಾಯ್ತದ. ಇದು ಬೆಳ್ಳಗಿದ್ದಂಗೇ ಸತ್ತೋಯ್ತಲ್ಲ!”

ಮೊದಲ ಬಸ್ಸಿಗೆ ದೊಡ್ಡಮಾದಪ್ಪ ಅವನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೊರಟ. “ನೀನೂ ಬಾರವ್ವ,” ಎಂದ. ಪುಟ್ಟಮಾದಮ್ಮ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಸೊಂಟದಲ್ಲಿ ಗೊಂಚಲು ಗಲ್ಲೆಂದಿತು. ಶನಿವಾರ ಬೆಳಗಿನ ಶಾಲೆ, ಏಳೂವರೆಗೆ ಬೆಲ್ಲು. ಹನ್ನೆರಡು ಬಾಗಿಲು ತೆರೆಯಲು ಊರಿನಲ್ಲಿ ಇನ್ಯಾರೂ ಇಲ್ಲ. ಕಾಲು ಕೆಳಗಿಟ್ಟಳು. ಬಸ್ಸು ಹೋಯಿತು.

ಆ ದಿನ ಬೆಲ್ಲು ಹನ್ನೊಂದು ನಿಮಿಷ ತಡವಾಯಿತು. ಅವಳು ಸೀದಾ ವಿಜ್ಞಾನದ ಕೋಣೆಗೆ ಹೋದಳು. ಶಂಕರ್ ಮೇಷ್ಟ್ರು, ದೀಪ, ನಟರಾಜು ಮೂವರೂ ಆ ಮೂರು ಸೆಲ್ಲುಗಳ ಮುಂದೆ ಕೂತಿದ್ದರು.

“ಸಾ,” ಎಂದಳು. “ಈ ಸೆಲ್ಲು ಕೆಂಪಾಗಲ್ವಾ ಸಾ?”

ಶಂಕರ್‌ಗೆ ಅರ್ಥವಾಗಲಿಲ್ಲ. “ಏನು ಕೆಂಪು?”

“ಸಾಯೋಕ್ ಮುಂಚ. ಬೆಳಕು ಕೆಂಪಾಗಲ್ವಾ?”

ದೀಪ ತಲೆ ಎತ್ತಿದಳು. ಅವಳ ಅಪ್ಪನೂ ಅಟ್ಟಣೆ ಕಾಯುವವನೇ. ಬೆಳಕು ಕೆಂಪಾಗುವುದನ್ನು ಕೇಳುವವರು ಬ್ಯಾಟ್ರಿ ಹಿಡಿದವರು ಮಾತ್ರ. ಅವಳು ಮೂರು ಸೆಲ್ಲುಗಳನ್ನು ನೋಡಿದಳು, ಪುಟ್ಟಮಾದಮ್ಮನ ಮುಖ ನೋಡಿದಳು.

ಪುಟ್ಟಮಾದಮ್ಮನೇ ಎಲ್ಲವನ್ನೂ ಹೇಳಿದಳು. ಹಳೆಯ ಸೆಲ್ಲು, ಡಬ್ಬಿ, ಮಂಗಳವಾರ, ಟ್ರಾನ್ಸ್‌ಫಾರ್ಮರು, ಕಂದಕ. ನಟರಾಜುವಿನ ಕಡೆ ತಿರುಗಿ, “ನಿನ್ ಕೈಲಿ ಬೀಗದ ಕೈ ಕಿತ್ಕಂಡಾಗ ನಾನ್ ಅಲ್ಲೇ ಇದ್ದಿ ಕಣ್ಲಾ ಮಗ. ಬಾಯ್ ಬುಡ್ನಿಲ್ಲ,” ಎಂದಳು.

“ಅದ್ಕೇ ನಾನ್ ಬಡ್ಕಂಡದ್ದು, ಮ್ಯಾಚ್ ಕೇಳ್ನಿಲ್ಲ ಅಂತ!” ಎಂದು ನಟರಾಜು ಎದ್ದು ನಿಂತ. ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದ. “ಆ ಮ್ಯಾಚಲ್ಲಿ ನಮ್ಮೋರ್ ಸೋತ್ರಂತೆ ಬುಡಕ್ಕ. ಕೇಳಿದ್ರೂ ದಂಡ.”

ಶಂಕರ್ ಆ ಮೂರು ಸೆಲ್ಲನ್ನು ಕೈಗೆತ್ತಿಕೊಂಡರು. ಚಾರ್ಜಿನ ಸೆಲ್ಲು ತರುವ ಮುಂಚೆ ಗುಂಡಿಗೆ ಬಿದ್ದದ್ದನ್ನು ಎಣಿಸಿದ್ದರು. ಗುಂಡಿಗೆ ಬೀಳುವ ಮುಂಚೆ ಅದು ಎಲ್ಲೆಲ್ಲಿ ಹೋಗಿ ಬರುತ್ತದೆ ಎಂದು ಕೇಳಿರಲಿಲ್ಲ. “ತಪ್ಪು ನನ್ನದೂ ಇದೆ ಮಾದಮ್ಮಾರೆ,” ಎಂದರು. ಎದ್ದು ಹೆಡ್‌ಮಾಸ್ಟರ ಕೋಣೆಗೆ ಹೋಗಿ ಬಂದು, ನಟರಾಜುವಿನ ಮುಂದೆ ಬೀರುವಿನ ಬೀಗದ ಕೈ ಇಟ್ಟರು.

ಮುಂದಿನ ವಾರ ಮಕ್ಕಳು ಸಾಮಾನಿನ ಕೋಣೆಯ ಕಿಟಕಿಗೆ ಗೋಣಿ ಕಟ್ಟಿ ಕತ್ತಲು ಮಾಡಿದರು. ಒಂದು ಟಾರ್ಚಿನಲ್ಲಿ ಮಾಮೂಲಿ ಸೆಲ್ಲು, ಒಂದರಲ್ಲಿ ಚಾರ್ಜಿನ ಸೆಲ್ಲು. ಹತ್ತು ನಿಮಿಷಕ್ಕೊಮ್ಮೆ, ಪಾಠದ ಪುಸ್ತಕದ ಅಕ್ಷರ ಎಷ್ಟು ಅಡಿ ದೂರದವರೆಗೆ ಕಾಣುತ್ತದೆ ಎಂದು ಅಳೆದರು. ಮಾಮೂಲಿಯದು ಹದಿನಾಲ್ಕು ಅಡಿಯಿಂದ ಶುರುವಾಗಿ ಹದಿಮೂರು, ಹನ್ನೆರಡು, ಹತ್ತು ಎಂದು ಇಳಿಯುತ್ತ ಬಂತು. ಚಾರ್ಜಿನದು ಹನ್ನೊಂದು ಅಡಿಗೆ ನಿಂತದ್ದು ಎರಡು ಗಂಟೆ ಹತ್ತು ನಿಮಿಷ ಹನ್ನೊಂದರಲ್ಲೇ ಇತ್ತು. ಎರಡು ಗಂಟೆ ಇಪ್ಪತ್ತಕ್ಕೆ ಸೊನ್ನೆ. ದೀಪ ಗ್ರಾಫು ಬರೆದಳು. ಒಂದು ಗೆರೆ ಗುಡ್ಡದಂತೆ ಜಾರಿತ್ತು. ಇನ್ನೊಂದು ಜಗಲಿಯಂತೆ ಸಪಾಟಾಗಿ ಹೋಗಿ, ಅಂಚಿನಲ್ಲಿ ನೆಟ್ಟಗೆ ಬಿದ್ದಿತ್ತು.

ದೀಪಳದೇ ಯೋಜನೆ. ಸೆಲ್ಲು ಹೇಗೂ ಆರು ದಿನ ಖಾಲಿ ಕೂರುತ್ತದೆ, ಸೋಮವಾರದವರೆಗೆ ಹೊಲಕ್ಕೆ ಹೋಗಲಿ. ಆದರೆ ಗುಟ್ಟಾಗಿ ಅಲ್ಲ. ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದು ಮೇಲೆ ‘ಹೊಲ’ ಎಂದು ಬರೆದಳು. ಟಾರ್ಚು ಉರಿದ ಹೊತ್ತನ್ನು ಅಲ್ಲಿ ಕೂಡುತ್ತ ಹೋಗಬೇಕು, ಎರಡು ಗಂಟೆಯನ್ನು ಒಂದು ನಿಮಿಷವೂ ದಾಟಬಾರದು. ಮಂಗಳವಾರ ತಪ್ಪದೆ ಚಾರ್ಜು. ಹೆಡ್‌ಮಾಸ್ಟರು ಗೊಣಗಿಕೊಂಡೇ ಒಪ್ಪಿದರು. ಒಂದು ಮಾತು ಮಾತ್ರ ಹೇಳಿದರು: ರೇಡಿಯೊ ಇನ್ನೊಂದು ಸಲ ನಿಂತರೆ ಎಲ್ಲವೂ ಬಂದ್.

ಮಾದಣ್ಣನ ಕಾಲಿಗೆ ಆರು ವಾರದ ಕಟ್ಟು. ರಾಗಿ ಕಣಕ್ಕೆ ಬರಲು ಇನ್ನೂ ಐದು ವಾರವಿತ್ತು. ಅಟ್ಟಣೆ ಹತ್ತುವವರು ಯಾರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಲು ಇದ್ದವರೇ ಇಬ್ಬರು.

ಶುಕ್ರವಾರ ನಾಲ್ಕೂವರೆಗೆ ಕಡೆಯ ಬೆಲ್ಲು ಹೊಡೆದು, ಹನ್ನೆರಡು ಬಾಗಿಲಿಗೆ ಬೀಗ ಹಾಕಿ, ಪುಟ್ಟಮಾದಮ್ಮ ಮನೆಗೆ ಬಂದು ಮಾದಣ್ಣನಿಗೆ ಊಟಕ್ಕಿಟ್ಟಳು. ಮಗಳ ಮನೆಗೆ ಹೋಗದ ರಾತ್ರಿಗಳನ್ನು ಇನ್ನು ಎಣಿಸುವ ಅಗತ್ಯವಿರಲಿಲ್ಲ. ಶುಕ್ರವಾರದಿಂದ ಸೋಮವಾರದವರೆಗೆ ಬೆಳಕಿನ ಹೊಲ, ಮಂಗಳವಾರದಿಂದ ಗುರುವಾರದವರೆಗೆ ತಮಟೆಯ ಹೊಲ, ಭಾನುವಾರ ಬಿಟ್ಟು ದಿನಾ ಬೆಲ್ಲು. ಬ್ಯಾಟ್ರಿಗೆ ಮೂರು ಸೆಲ್ಲು ಹಾಕಿಕೊಂಡು, ಶಾಲೆಯ ಟೈಂಪೀಸನ್ನು ಮಡಿಲಿಗೆ ಕಟ್ಟಿಕೊಂಡು ಹೊರಟಳು.

ಹೊತ್ತು ಮುಳುಗುವಾಗ ಏಣಿ ಹತ್ತಿದಳು. ಪಕ್ಕದ ಹೊಲದಿಂದ ದೊಡ್ಡಮಾದಪ್ಪ ಕೂಗಿದ.

“ಯಾರಾ ಅದು ಮಾದಣ್ಣನ ಅಟ್ಟಣೇಲಿ, ಗಲ್ಗಲ್ ಅನ್ನದು?”

“ನಾನೇ ಕನಣ್ಣೋ. ಇಸ್ಕೂಲ್ ಬೀಗದ ಕೈ.”

“ಸರಿ ಬುಡು. ಆನ ಬಂದ್ರ ಅಟೆಂಡೆನ್ಸ್ ತಕ್ಕಳವ್ವ!”

ಅವಳು ನಕ್ಕಳು. ಬ್ಯಾಟ್ರಿ ಹೊತ್ತಿಸಿ ಕಂದಕದ ಕಡೆಗೆ ಒಂದು ಸಲ ಆಡಿಸಿ, ಟೈಂಪೀಸು ನೋಡಿ ಆರಿಸಿದಳು. ಒಂದು ನಿಮಿಷ. ಇನ್ನುಳಿದದ್ದು ನೂರ ಹತ್ತೊಂಬತ್ತು, ಸೋಮವಾರದವರೆಗೆ. ಬೆಳಕಿನ ಬಣ್ಣವನ್ನು ಅವಳು ನೋಡಲಿಲ್ಲ. ಅದು ಏನನ್ನೂ ಹೇಳುವುದಿಲ್ಲವೆಂದು ಈಗ ಗೊತ್ತಿತ್ತು.

ಕೆಳಗೆ ಊರಿನಲ್ಲಿ ಒಂದೊಂದೇ ಮನೆಯ ಬಲ್ಬು ಹೊತ್ತತೊಡಗಿತು. ಅಟ್ಟಣೆಯಿಂದ ಎಲ್ಲ ಮನೆಗಳೂ ಕಾಣುತ್ತಿದ್ದವು. ಶಾಲೆಯ ಪಕ್ಕದ ಒಂದು ಮನೆ ಮಾತ್ರ ಕತ್ತಲಾಗಿಯೇ ಉಳಿಯಿತು. ಹಿಂದಿನ ರಾತ್ರಿ ಊರಿನ ಕರೆಂಟು ಮೂರು ಗಂಟೆ ಹೋಗಿದ್ದರಿಂದ ನಾಲ್ಕೂ ಸೆಲ್ಲನ್ನು ಸಂಜೆಯವರೆಗೆ ಚಾರ್ಜಿನಲ್ಲೇ ಇಟ್ಟು, ಮೂರನ್ನು ತೆಗೆದುಕೊಂಡು, ಉಳಿದೊಂದರ ಜೊತೆ ಚಾರ್ಜರನ್ನು ಅವಳು ಹೋಲ್ಡರಿನಲ್ಲೇ ಬಿಟ್ಟು ಬಂದಿದ್ದಳು. ಅದರ ಕೆಂಪು ಚುಕ್ಕಿ ಇಷ್ಟು ದೂರಕ್ಕೆ ಕಾಣುವಂತಿರಲಿಲ್ಲ. ಆದರೂ ಅವಳು ಆ ಕಡೆಗೇ ನೋಡುತ್ತ, ಮಡಿಲಿನ ಗಡಿಯಾರವನ್ನು ಕೈಯಿಂದ ಮುಚ್ಚಿ ಹಿಡಿದು ಕೂತಳು.